ಬುದ್ಧನ ಕೈಗೆ ಹಾಕಿದ ರಫೂ

ನನ್ನ ಸೋದರತ್ತೆಯೊಬ್ಬರಿಗೆ ಮೈಸೂರಿನ ಅರ್ಧಕ್ಕರ್ಧ ಜಿನ್ನುಗಳ ಪರಿಚಯವಿತ್ತು. ಯಾವ ಹುಣಸೆಮರದಲ್ಲಿ ಯಾರಿದ್ದಾರೆ, ಯಾವ ಬಾವಿಯ ಹತ್ತಿರ ತಲೆಗೂದಲು ಬಿಟ್ಟುಕೊಂಡು ಓಡಾಡಬಾರದು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ನಾನು ಅವರ ಮುಖದೆದುರಿಗೇ ನಗುತ್ತಿದ್ದೆ. ಒಮ್ಮೆ ಅವರು ಪ್ರೀತಿಯಿಂದ ನನ್ನ ತೋಳಿಗೆ ಕಟ್ಟಿದ ತಾಯಿತವನ್ನು ಬಿಚ್ಚಿ, ಇದರ ದಾರ ಸರಿಯಿಲ್ಲ, ಎರಡು ದಿನಕ್ಕೆ ಪಿಸಿಯುತ್ತದೆ ಎಂದು ಹೇಳಿ ವಾಪಸು ಕೊಟ್ಟವಳು ನಾನು. ಇಲ್ಲಿ ಅಮೆರಿಕದ ರೆಡ್ಮಂಡ್‌ಗೆ ಬಂದ ಮೇಲೂ ಅಷ್ಟೇ. ನಮ್ಮವರು ಸೇರಿದ ಕಡೆ ಊಟವಾದ ನಂತರ ಯಾರಾದರೂ ದನಿ ತಗ್ಗಿಸಿ ದೆವ್ವದ ಕಥೆ ಶುರುಮಾಡಿದರೆ, ನಾನು ಎದ್ದು ಚಹಾ ಇಡಲು ಹೋಗುತ್ತಿದ್ದೆ.

ಇಂಥ ನಾನು ಈಗ ಇದನ್ನು ಬರೆಯಲು ಕೂತಿದ್ದೇನೆ. ನಿಮಗೆ ನಗು ಬಂದರೆ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ಪೂರ್ತಿ ಓದಿ ನಗಿ, ಅಷ್ಟೇ ನನ್ನ ಕೇಳಿಕೆ.

ಮೊದಲು ನನ್ನ ಕಸುಬಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ತಂದೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ರಫೂ ಕೆಲಸ ಮಾಡುತ್ತಿದ್ದರು. ರಫೂ ಎಂದರೆ ತೇಪೆ ಹಚ್ಚುವುದಲ್ಲ. ಬಟ್ಟೆ ಹರಿದ ಜಾಗದಲ್ಲಿ ಸೂಜಿಯಿಂದಲೇ ಹಾಸು ಹೊಕ್ಕುಗಳನ್ನು ಮತ್ತೆ ನೇಯುವುದು. ಗಂಟು ಹಾಕುವಂತಿಲ್ಲ, ಬೆರಳಿಗೆ ಗಂಟು ಸಿಕ್ಕಿತೆಂದರೆ ಕೆಲಸ ಕೆಟ್ಟಂತೆ. ಹೊಸ ದಾರದ ಹೊಳಪು ಹಳೆ ಬಟ್ಟೆಗೆ ಹೊಂದುವುದಿಲ್ಲವಾದ್ದರಿಂದ ಅಬ್ಬಾ ಹಳೆ ಸೀರೆ, ಶಾಲುಗಳ ಚಿಂದಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟು, ಬೇಕಾದಾಗ ಅದರಿಂದಲೇ ಎಳೆ ಎಳೆದುಕೊಳ್ಳುತ್ತಿದ್ದರು. ಇಲಿ ಕಡಿದ ಕೋಟು, ದರ್ಗಾದ ಚಾದರ, ಉತ್ಸವಮೂರ್ತಿಯ ಪೀತಾಂಬರ, ಎಲ್ಲವೂ ಅವರ ಮೆಟ್ಟಿಲಗಲದ ಅಂಗಡಿಗೆ ಬರುತ್ತಿದ್ದವು. ಕೆಲಸ ಮುಗಿದ ಬಟ್ಟೆಯನ್ನು ಗಿರಾಕಿಯ ಮುಂದೆ ಹರಡಿ, “ಎಲ್ಲಿ ಹರಿದಿತ್ತು, ತೋರ್ಸಿ” ಎನ್ನುತ್ತಿದ್ದರು. ಗಿರಾಕಿ ತಡಕಾಡಿ ತಡಕಾಡಿ ಸೋತ ಮೇಲೆ ಅಬ್ಬಾ ಒಂದು ಬೀಡಿ ಹಚ್ಚುತ್ತಿದ್ದರು.

ಆ ಡಬ್ಬಿ ಈಗ ಇಲ್ಲಿ ಎಜುಕೇಶನ್ ಹಿಲ್ ಎಂಬ ಗುಡ್ಡದ ಮೇಲಿನ ನಮ್ಮ ಮನೆಯಲ್ಲಿದೆ. ಗಂಡ ಕರ್ಕ್‌ಲ್ಯಾಂಡ್‌ನ ಆಫೀಸಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ ನನ್ನದು ಇದೇ ಕೆಲಸ. ಯಾರದೋ ಅಜ್ಜಿಯ ಕಾಶ್ಮೀರಿ ಶಾಲು, ಯಾರದೋ ಧಾರೆ ಸೀರೆ. ತೂತು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಪಕ್ಕದವರ ಸ್ವೆಟರಿನ ಎಳೆ ಬಿಟ್ಟಿದ್ದರೂ ಇಳಿಯುವವರೆಗೆ ನನಗೆ ಚಡಪಡಿಕೆ.

ಕೆಲವು ವರ್ಷಗಳ ಹಿಂದೆ, ನವೆಂಬರಿನಲ್ಲಿ, ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವ ಮೇ ಎಂಬಾಕೆ ಒಂದು ಉದ್ದನೆಯ ರಟ್ಟಿನ ಕೊಳವೆ ಹಿಡಿದುಕೊಂಡು ಬಂದಳು. ಮೇ ಇಲ್ಲಿಯೇ ಹುಟ್ಟಿ ಬೆಳೆದ ಚೀನೀ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳು. ಅವಳ ತಾಯಿಗೆ ಕೊನೆಯ ಹಂತದ ಕಾಯಿಲೆ. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳಿಸಿದ್ದರು. ಬೆಳಿಗ್ಗೆ ಹೊತ್ತು ನರ್ಸ್ ಬಂದು ನೋಡಿಕೊಂಡು ಹೋಗುತ್ತಿದ್ದಳು. ಕೊಳವೆಯಿಂದ ಮೇ ಹೊರಗೆಳೆದದ್ದು ಒಂದು ರೇಷ್ಮೆಯ ಚಿತ್ರಪಟ. ಚೀನಾದಲ್ಲಿ ಚಕ್ರವರ್ತಿಗಳಿದ್ದ ಕಾಲದ್ದು, ಅಮ್ಮನ ತಾಯಿಯಿಂದ ಬಂದದ್ದು ಎಂದಳು. ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

“ಅಮ್ಮಂಗೆ ಒಂದೇ ಆಸೆ. ಇದನ್ನ ಮಂಚದ ಮುಂದೆ ಹಾಕು ಅಂತಾರೆ. ಆದ್ರೆ ನೋಡು, ಕೈ ಹತ್ರ ಹರಿದುಹೋಗಿದೆ. ಬೇಗ ಮಾಡ್ಕೊಡ್ತೀಯಾ? ಟೈಮ್ ಜಾಸ್ತಿ ಇಲ್ಲ.”

ಮೇಜಿನ ಮೇಲೆ ಅದನ್ನು ಬಿಚ್ಚಿ ನೋಡಿದೆ. ನಿಂತ ಬುದ್ಧ, ಸುತ್ತ ಮೋಡಗಳು. ಬಣ್ಣ ಬಳಿದದ್ದಲ್ಲ, ಕಸೂತಿಯೂ ಅಲ್ಲ, ಇಡೀ ಚಿತ್ರವನ್ನು ಮಗ್ಗದಲ್ಲೇ ನೇಯ್ದಿದ್ದರು. ಮುಂದೆ ಹೇಗೋ ಹಿಂದೆಯೂ ಹಾಗೇ. ಬುದ್ಧನ ಬಲಗೈ ಕೆಳಗೆ, ನೋಡುವವರ ಕಡೆಗೆ ಚಾಚಿತ್ತು, ಬಿದ್ದವರನ್ನು ಎತ್ತಲು ಚಾಚುತ್ತಾರಲ್ಲ ಹಾಗೆ. ಪಕ್ಕದಲ್ಲಿ ಬಾಗಿ ನಿಂತ ಇನ್ನೊಂದು ಆಕೃತಿ ಕಮಲದ ಪೀಠವೊಂದನ್ನು ಹಿಡಿದಿತ್ತು. ಪೀಠ ಖಾಲಿ. ಇವನು ಅಮಿತಾಭ, ಸಾಯುವವರನ್ನು ಕರೆದುಕೊಂಡು ಹೋಗಲು ಬರುತ್ತಾನೆ, ಆ ಪೀಠ ಸಾಯುವವರಿಗೆ ಎಂದಳು ಮೇ. ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು, ಹೆಸರಿನಲ್ಲೇ ಬೆಳಕಿದೆ ಎಂದು ಗೊತ್ತಾಯಿತು. ನಾವು ಮನೆಯಲ್ಲಿ ಮೂರ್ತಿ, ಪಟ ಇಟ್ಟುಕೊಳ್ಳುವವರಲ್ಲ. ಆದರೆ ರಫೂಗೆ ಬಂದದ್ದು ನನ್ನ ಪಾಲಿಗೆ ಬಟ್ಟೆ, ಅಬ್ಬಾ ಪೀತಾಂಬರ ರಿಪೇರಿ ಮಾಡಿದ ಹಾಗೆ.

ಕೈಯ ಕೆಳಗೆ ಒಂದು ಕಡೆ ನಿಜವಾಗಿಯೂ ಹರಿದಿತ್ತು. ಅದನ್ನು ಸರಿಮಾಡುವಾಗ ನೋಡುತ್ತೇನೆ, ಬೆರಳುಗಳ ಅಂಚಿನುದ್ದಕ್ಕೂ ಸಣ್ಣ ಸಣ್ಣ ಸೀಳುಗಳು. ಕಮಲದ ಎಸಳುಗಳ ಸುತ್ತಲೂ ಅದೇ. ಎಷ್ಟು ಹಳೆಯ ರೇಷ್ಮೆ, ಪಾಪ, ಬಣ್ಣ ಬದಲಾಗುವ ಕಡೆಯೆಲ್ಲ ಬಿಟ್ಟುಕೊಂಡಿದೆ ಎಂದುಕೊಂಡೆ. ಕೈ ಸುಮ್ಮನಿರಲಿಲ್ಲ. ಡಬ್ಬಿಯಲ್ಲಿ ನಮ್ಮ ಅಮ್ಮಿಯ ಕೆನೆಬಣ್ಣದ ಮೈಸೂರು ಸಿಲ್ಕ್ ಸೀರೆಯ ಗೇಣುದ್ದ ಗೇಣಗಲದ ಒಂದು ತುಂಡಿತ್ತು. ಅದರಿಂದ ಎಳೆಗಳನ್ನು ಎಳೆದು, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ, ಚಿಟಿಕೆ ಅರಿಸಿನ ಸೇರಿಸಿ, ಬುದ್ಧನ ಕೈಯ ಬಣ್ಣಕ್ಕೆ ತಂದೆ. ಎರಡು ದಿನ ಕೂತು, ಕೈ ಮತ್ತು ಕಮಲದ ಸೀಳುಗಳನ್ನು ಒಂದೊಂದಾಗಿ ಮುಚ್ಚಿದೆ. ಪ್ರತಿ ಸೀಳಿಗೂ ಬೇರೆ ಎಳೆ, ಪ್ರತಿ ಸಲವೂ ಕೊನೆ ಕತ್ತರಿಸಿದ್ದೇನೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಉಳಿದ ಕಡೆಯೂ ಅಂಥ ಸೀಳುಗಳಿದ್ದವು, ಅವಕ್ಕೆ ಸಮಯವಿರಲಿಲ್ಲ. ಎಲ್ಲ ಕೆಲಸಕ್ಕೂ ಮಾಡುವಂತೆ ಮೊದಲು ಒಂದು, ಆಮೇಲೆ ಒಂದು ಫೋಟೋ ತೆಗೆದೆ. ಕೆಲಸ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಅಬ್ಬಾ ಇದ್ದಿದ್ದರೆ ಒಂದಲ್ಲ ಎರಡು ಬೀಡಿ ಹಚ್ಚುತ್ತಿದ್ದರು.

ಮಾರನೆಯ ಮಧ್ಯಾಹ್ನ ಅದನ್ನು ತಲುಪಿಸಲು ಹೋದೆ. ಬೆಳಿಗ್ಗೆಯಿಂದಲೇ ಗಾಳಿ ಎದ್ದಿತ್ತು. ಚಳಿಗಾಲದಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಅವತ್ತು ಮೋಡಕ್ಕೆ ಇನ್ನೂ ಬೇಗ. ಮೇಯ ತಾಯಿ ಮಂಚದಲ್ಲಿ ಒಂದು ಹಿಡಿಯಷ್ಟಾಗಿ ಮಲಗಿದ್ದರು. ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಆದರೆ ಕೈಗಳು ಮಾತ್ರ ನಿಲ್ಲುತ್ತಿರಲಿಲ್ಲ. ಹೊದಿಕೆಯನ್ನು ಹೆಕ್ಕುವುದು, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುವುದು, ಮತ್ತೆ ಹೆಕ್ಕುವುದು. ಮೂರ್ನಾಲ್ಕು ದಿನದಿಂದ ಹೀಗೇ, ಕಣ್ಣು ಮುಚ್ಚಿಲ್ಲ, ಔಷಧಿಗೂ ಬಗ್ಗುತ್ತಿಲ್ಲ, ಕೊನೆಗಾಲದಲ್ಲಿ ಕೆಲವರಿಗೆ ಹೀಗಾಗುತ್ತದೆ ಎನ್ನುತ್ತಾಳೆ ನರ್ಸ್ ಎಂದು ಮೇ ಹೇಳಿದಳು. ಹೇಳುತ್ತಾ ಅಳುತ್ತಿದ್ದಳು. “ಏನೂ ಬೇಡ ನಂಗೆ. ಅವ್ರು ನೆಮ್ಮದಿಯಾಗಿ ಹೋದ್ರೆ ಸಾಕು.” ಆ ಕೈಗಳನ್ನು ನೋಡುತ್ತಾ ನನ್ನ ಕೈಗಳೂ ಸೆರಗಿಲ್ಲದ ಕಡೆ ಸೆರಗು ಹುಡುಕತೊಡಗಿದವು.

ಪಟವನ್ನು ಮಂಚದ ಎದುರಿಗಿದ್ದ ಪರದೆಯ ಕೋಲಿಗೆ ತೂಗುಹಾಕಿದೆವು. ಮುದುಕಿ ಅದನ್ನು ನೋಡಿದರು. ನೋಡುತ್ತಿದ್ದಂತೆ ಇನ್ನೂ ಹೆಚ್ಚು ಚಡಪಡಿಸಿ, ಏನೋ ಕೇಳಿದರು. ಮತ್ತೆ ಮತ್ತೆ ಅದನ್ನೇ ಕೇಳಿದರು.

“ಹಿಂದೆ ದೀಪ ಇಡು ಅಂತಿದಾರೆ,” ಎಂದಳು ಮೇ. ಅವಳ ತಾಯಿಯ ಮಾತು ಅವಳಿಗೆ ಅರ್ಥವಾಗುತ್ತಿತ್ತು, ಆದರೆ ನನ್ನ ಮಗಳ ಹಾಗೆಯೇ ಚಿಕ್ಕಂದಿನಿಂದ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದವಳು. ಹೀಗಾಗಿ ಈ ಪಟವನ್ನು ತಮ್ಮ ಮನೆಯಲ್ಲಿ ಹೇಗೆ ನೋಡುತ್ತಿದ್ದರು ಎಂದು ಯಾವತ್ತೂ ಕೇಳಿ ತಿಳಿದಿರಲಿಲ್ಲ. ಟೇಬಲ್ ಲ್ಯಾಂಪ್ ತಂದು ಪಟದ ಹಿಂದೆ ಇಟ್ಟು ಸ್ವಿಚ್ ಹಾಕಿದಳು.

ನಾನು ಹಾಳು ಎಂದುಕೊಂಡಿದ್ದ ಸೀಳುಗಳಿಂದೆಲ್ಲ ಬೆಳಕು ಬಂತು. ಮೋಡದ ಅಂಚು, ನಿಲುವಂಗಿಯ ಮಡಿಕೆ, ತಲೆಯ ಸುತ್ತಲಿನ ಪ್ರಭೆ, ಹುಬ್ಬು, ತುಟಿ, ಎಲ್ಲವೂ ಕೂದಲೆಳೆಯಂಥ ಬೆಳಕಿನ ಗೆರೆಗಳಲ್ಲಿ ಎದ್ದು ನಿಂತವು. ಕೈ ಮತ್ತು ಕಮಲ ಇರಬೇಕಾದ ಕಡೆ ಮಾತ್ರ ಕತ್ತಲು. ಮುದುಕಿ ಮಗಳ ತೋಳು ಹಿಡಿದು ಮತ್ತೇನೋ ಕೇಳಿದರು.

“ಕೈ ಎಲ್ಲಿ ಅಂತಿದಾರೆ. ಅವರಮ್ಮ ಸಾಯೋವಾಗ ಕೈ ಕಾಣ್ತಿತ್ತಂತೆ. ಇದರಲ್ಲಿ ಕೈ ಇಲ್ಲ ಅಂತಿದಾರೆ.”

ನನಗೆ ಆಗ ಹೊಳೆಯಿತು. ಸಾಮಾನ್ಯ ಮಗ್ಗದಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಇದರಲ್ಲಿ ಪ್ರತಿ ಬಣ್ಣಕ್ಕೂ ಅದರದೇ ಪುಟ್ಟ ಲಾಳಿ, ತನ್ನ ಬಣ್ಣದ ಗಡಿ ಮುಟ್ಟಿದೊಡನೆ ತಿರುಗಿ ಹಿಂದಕ್ಕೆ ಹೋಗುತ್ತದೆ. ಎರಡು ಬಣ್ಣಗಳ ನಡುವೆ ಅದಕ್ಕೇ ಸೀಳು ಉಳಿಯುವುದು. ಹರಿದ ಬಟ್ಟೆಯಲ್ಲಿ ಎಳೆ ಪಿಸಿದು ನಿಂತಿರುತ್ತದೆ, ಇಲ್ಲಿ ಪ್ರತಿ ಎಳೆಯೂ ನೀಟಾಗಿ ಹಿಂದಕ್ಕೆ ತಿರುಗಿತ್ತು. ಅದು ಹೊಲಿಯುವಾಗಲೇ ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ರಫೂಗಾರನ ಮಗಳಿಗೆ ತೂತು ಎಂದರೆ ತೂತು. ಚೀನೀ ಭಾಷೆಯಲ್ಲಿ ಈ ನೇಯ್ಗೆಯ ಹೆಸರಿನ ಅರ್ಥವೇ ಕತ್ತರಿಸಿದ ರೇಷ್ಮೆ ಎಂದು ಆಮೇಲೆ ಓದಿದೆ. ಯಾರೋ ಜೀವ ತೇಯ್ದು ಬಿಟ್ಟ ಕಿಂಡಿಗಳನ್ನು ನಾನು ಅಚ್ಚುಕಟ್ಟಾಗಿ ಮುಚ್ಚಿ ಕೂತಿದ್ದೆ. ಮೇಗೆ ಅಲ್ಲೇ ವಿಷಯ ಹೇಳಿ, ಬಿಚ್ಚಿಕೊಡುತ್ತೇನೆ, ಸ್ವಲ್ಪ ಹೊತ್ತು ಕೊಡು ಎಂದೆ. ಅವಳು ತಾಯಿಯ ಕಡೆ ನೋಡಿದಳೇ ಹೊರತು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಟವನ್ನು ಹೊರಗಿನ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಎಲ್ಲೋ ಮರ ಬಿದ್ದ ಸದ್ದಾಗಿ ಕರೆಂಟು ಹೋಯಿತು. ಈ ಗುಡ್ಡದ ಮೇಲೆ ಗಾಳಿ ಬಂದರೆ ಇದು ಇದ್ದದ್ದೇ. ಮೇ ಕ್ಯಾಂಪಿಂಗ್‌ಗೆ ಒಯ್ಯುವ ಹಣೆದೀಪವೊಂದನ್ನು ನನಗೆ ಕೊಟ್ಟು, ಲಾಂದ್ರ ತೆಗೆದುಕೊಂಡು ತಾಯಿಯ ಬಳಿ ಹೋದಳು. ನಾನು ಸಣ್ಣ ಕತ್ತರಿ ಹಿಡಿದು ಬಗ್ಗಿದೆ. ನನ್ನ ಹೊಲಿಗೆ ನನಗೇ ಸಿಗಲಿಲ್ಲ. ಬೆರಳಾಡಿಸಿದೆ, ಓರೆಯಾಗಿ ಬೆಳಕು ಹಾಯಿಸಿದೆ, ಹಿಂದುಮುಂದು ಮಾಡಿ ನೋಡಿದೆ. ಒಂದು ಎಳೆ ಸಿಕ್ಕಿತೆಂದು ಕತ್ತರಿ ತಾಗಿಸಿ, ಇದು ನನ್ನದೋ ಚಕ್ರವರ್ತಿಯ ಕಾಲದ್ದೋ ಎಂದು ಅನುಮಾನ ಬಂದು ಕೈ ಹಿಂತೆಗೆದೆ. ಒಳಗಿನಿಂದ ಮುದುಕಿಯ ಅದೇ ಪ್ರಶ್ನೆ ಕೇಳುತ್ತಲೇ ಇತ್ತು. ಜೀವನದಲ್ಲಿ ಮೊದಲ ಸಲ ನನ್ನ ಕೆಲಸ ಕೆಟ್ಟದಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

ಕೊನೆಗೆ, ಮನೆಗೆ ಹೋಗಿ ನನ್ನ ಭೂತಗನ್ನಡಿ ತರುತ್ತೇನೆ ಎಂದು ಮೇಗೆ ಕೂಗಿ ಹೇಳಿ ಓಡಿದೆ. ರಸ್ತೆಯ ತುಂಬ ಫರ್ ಮರದ ಕೊಂಬೆಗಳು. ಕತ್ತಲ ಮನೆಯಲ್ಲಿ ತಡಕಾಡಿ ಕನ್ನಡಿ ಹುಡುಕಿ ವಾಪಸು ಬರಲು ಕಾಲು ಗಂಟೆ ಹಿಡಿದಿರಬಹುದು. ಮೇ ಆಗಲೂ ತಾಯಿಯ ಮಂಚದ ಅಂಚಿನಲ್ಲೇ ಕೂತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಕನ್ನಡಿ ಹಿಡಿದು ಪಟದ ಮೇಲೆ ಬಗ್ಗಿದರೆ, ಬೆರಳುಗಳ ಅಂಚಿನಲ್ಲಿ ಸೀಳುಗಳು ತೆರೆದಿದ್ದವು. ನಾನು ಕಣ್ಣುಜ್ಜಿಕೊಂಡೆ. ಬೇರೆ ಜಾಗ ನೋಡುತ್ತಿದ್ದೇನೆ ಎಂದುಕೊಂಡೆ. ಪಟ ಎತ್ತಿ ಹಣೆದೀಪವನ್ನು ಹಿಂದೆ ಹಿಡಿದೆ. ಐದು ಬೆರಳೂ ಬೆಳಕಾದವು, ಕಮಲದ ಎಸಳುಗಳೂ. ನಿಜವಾಗಿ ಹರಿದಿದ್ದ ಆ ಒಂದು ಜಾಗದಲ್ಲಿ ಮಾತ್ರ ನನ್ನ ರಫೂ ಹಾಗೇ ಇತ್ತು. ಮೇಜಿನ ಮೇಲೆ, ಕುರ್ಚಿಯ ಕೆಳಗೆ, ನನ್ನ ಬಟ್ಟೆಯ ಮೇಲೆ, ಎಲ್ಲ ಕಡೆ ದೀಪ ಹಾಯಿಸಿದೆ. ಒಂದು ತುಣುಕು ದಾರವೂ ಬಿದ್ದಿರಲಿಲ್ಲ. ಹೆದರಿಕೆಯಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಅತ್ತೆ ಕಲಿಸಿದ, ಮೂವತ್ತು ವರ್ಷದಿಂದ ಬಾಯಿಗೆ ಬಾರದ ದುವಾ ತಾನಾಗಿ ಬಂತು.

ಆದರೆ ಒಳಗೆ ಮುದುಕಿ ಕಾಯುತ್ತಿದ್ದರು. ಪಟವನ್ನು ಎತ್ತಿಕೊಂಡು ಹೋಗಿ ಮತ್ತೆ ತೂಗುಹಾಕಿ, ಲಾಂದ್ರವನ್ನು ಹಿಂದೆ ಇಟ್ಟೆ. ಕತ್ತಲ ಕೋಣೆಯಲ್ಲಿ ಆ ಕೈ ಮಂಚದ ಕಡೆಗೆ ಚಾಚಿಕೊಂಡಿತು. ಅವರು ನೋಡಿದರು. ಪ್ರಶ್ನೆ ನಿಂತಿತು. ಮುಖದಲ್ಲಿ ಬಿಗಿದುಕೊಂಡಿದ್ದದ್ದೆಲ್ಲ ಸಡಿಲವಾಗಿ, ನಾನು ನೋಡದೇ ಇದ್ದ ಒಂದು ಚೆಲುವು ಬಂತು. ಮೇ ತಾಯಿಯ ಎದೆಯ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ.

ಆಮೇಲೆ ಗಮನಿಸಿದೆ, ಅವರ ಕೈಗಳು ನಿಂತಿದ್ದವು. ಬಲಗೈಯ ತೋರುಬೆರಳಿಗೆ ದಾರ ಸುತ್ತಿತ್ತು. ಹಲವು ಸುತ್ತು ಸುತ್ತಿ, ಉಳಿದದ್ದು ಹೊದಿಕೆಯ ಮೇಲಿನಿಂದ ಇಳಿದು ನೆಲದವರೆಗೆ ಜೋತಾಡುತ್ತಿತ್ತು. ನಾನು ಬಗ್ಗಿ ತುದಿಯನ್ನು ಬೆರಳಿನಲ್ಲಿ ಹಿಡಿದೆ. ಚಹಾ ಮತ್ತು ಅರಿಸಿನದ ಆ ಬಣ್ಣ ನನ್ನದು. ಒಮ್ಮೆ ಹೊಲಿದು ಬಿಚ್ಚಿದ ದಾರ ನೆಟ್ಟಗಿರುವುದಿಲ್ಲ, ಸಣ್ಣ ಅಲೆಅಲೆಯಾಗಿ ಉಳಿದುಕೊಳ್ಳುತ್ತದೆ. ಇದೂ ಹಾಗೇ ಇತ್ತು. ತುದಿಯಿಂದ ಬೆರಳಿನವರೆಗೆ ನಿಧಾನವಾಗಿ ಸವರಿಕೊಂಡು ಹೋದೆ. ಒಂದೇ ಎಳೆ, ಎಲ್ಲೂ ಗಂಟಿಲ್ಲ, ಜೋಡಣೆಯಿಲ್ಲ.

“ಈ ದಾರ ಯಾವಾಗ ಬಂತು?” ಎಂದು ಕೇಳಿದೆ.

ಮೇ ಕಣ್ಣೊರೆಸಿಕೊಂಡಳು. “ನೀನೇ ಕೊಟ್ಟೆ ಅಂದ್ಕೊಂಡೆ. ಕೈಗೆ ಏನಾದ್ರೂ ಇರಲಿ ಅಂತ. ನೀನು ಮನೆಗೆ ಹೋದ ಮೇಲೆ ನೋಡಿದೆ, ಅವ್ರ ಕೈಲಿತ್ತು.”

ನಾನು ದಾರದ ತುದಿಯನ್ನು ಮೆಲ್ಲಗೆ ಹೊದಿಕೆಯ ಮೇಲಿಟ್ಟೆ.

ಮುದುಕಿ ಮಾರನೆಯ ಬೆಳಿಗ್ಗೆ, ಗಾಳಿ ನಿಂತ ಮೇಲೆ, ನಿದ್ದೆಯಲ್ಲೇ ಹೋದರು. ರೆಂಟನ್ ಕಡೆಯಿಂದ ಒಬ್ಬರು ವಯಸ್ಸಾದ ಬೌದ್ಧ ಸನ್ಯಾಸಿನಿ ಪ್ರಾರ್ಥನೆಗೆ ಬಂದಿದ್ದರು. ಬೆರಳಿನ ದಾರ ನೋಡಿ ಅವರು ಮೆಚ್ಚಿಕೊಂಡು ಮೇಗೆ ಹೇಳಿದರಂತೆ: ಹಿಂದಿನವರು ಹೀಗೇ ಮಾಡುತ್ತಿದ್ದರು, ದಾರದ ಒಂದು ತುದಿ ಬುದ್ಧನ ಕೈಗೆ, ಇನ್ನೊಂದು ಸಾಯುವವರ ಕೈಗೆ. ಈಗ ಯಾರಿಗೂ ನೆನಪಿಲ್ಲ, ನಿಮಗೆ ಯಾರು ಹೇಳಿಕೊಟ್ಟರು? ಮೇ ನನ್ನ ಹೆಸರು ಹೇಳಿದಳು. ನನಗೆ ಅಲ್ಲಿಯವರೆಗೆ ಆ ಪದ್ಧತಿಯೇ ಗೊತ್ತಿರಲಿಲ್ಲ. ದಾರ ಮುದುಕಿಯ ಜೊತೆಗೇ ಬೆಂಕಿಗೆ ಹೋಯಿತು.

ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಸಾಫ್ಟ್‌ವೇರ್‌ನವರು, ಯಾವ ಬಗ್‌ಗೂ ಕಾರಣ ಹುಡುಕದೆ ಬಿಡುವವರಲ್ಲ.

“ಸಿಲ್ಕ್ ಮೇಲೆ ಸಿಲ್ಕು, ಅದೂ ಗಂಟಿಲ್ದೆ. ನೀನು ಹಿಂದೆ ಮುಂದೆ ತಿರುಗಿಸಿ ಎಳೆದಾಡಿದೀಯ, ಜಾರಿ ಬಂದಿರುತ್ತೆ. ಕತ್ತಲಲ್ಲಿ ನಿನ್ನ ಬಟ್ಟೆಗೆ ಅಂಟ್ಕೊಂಡು ಆ ರೂಮಿಗೆ ಹೋಗಿರುತ್ತೆ. ಸುಮ್ನೆ ಓವರ್‌ಥಿಂಕ್ ಮಾಡ್ತಿದೀಯ.”

ನಾನು ಡಬ್ಬಿಯಿಂದ ಅಮ್ಮಿಯ ಸೀರೆಯ ತುಂಡು ತೆಗೆದು ಅವರ ಅಂಗೈಯ ಮೇಲಿಟ್ಟೆ. ಗೇಣುದ್ದ ಗೇಣಗಲದ ತುಂಡಿನಿಂದ ಎಳೆದ ಎಳೆ ಗೇಣಿಗಿಂತ ಉದ್ದ ಹೇಗಾಗುತ್ತದೆ? ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ನೀನು ಸರಿಯಾಗಿ ನೋಡಿರಲ್ಲ” ಎಂದರು. ಇರಬಹುದು. ಅವತ್ತು ಕತ್ತಲಿತ್ತು, ಗಾಬರಿಯಿತ್ತು, ಅತ್ತು ಕಣ್ಣು ಮಂಜಾಗಿತ್ತು. ಆದರೆ ದಾರದ ವಿಷಯದಲ್ಲಿ ನನ್ನ ಬೆರಳು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.

ಪಟ ಈಗಲೂ ಮೇಯ ಮನೆಯಲ್ಲಿದೆ. ಹೋದಾಗಲೆಲ್ಲ ಅದರ ಮುಂದೆ ನಿಲ್ಲುತ್ತೇನೆ. ನಿಂತರೆ ಕೈ ತುರಿಸುತ್ತದೆ, ಅಲ್ಲಿಂದ ಕಾಲು ಕೀಳಲಾಗುವುದಿಲ್ಲ. ಫೋನಿನಲ್ಲಿ ಆ ಎರಡು ಫೋಟೋಗಳೂ ಇವೆ, ಮೊದಲಿನದರಲ್ಲಿ ಸೀಳುಗಳು ತೆರೆದಿವೆ, ಆಮೇಲಿನದರಲ್ಲಿ ಮುಚ್ಚಿವೆ. ನಾನು ಹೊಲಿದದ್ದು ಕನಸಲ್ಲ.

ಅಬ್ಬಾ ಬದುಕಿದ್ದಿದ್ದರೆ ಜಿನ್ನು ಗಿನ್ನು ಎಂದೇನೂ ಕೇಳುತ್ತಿರಲಿಲ್ಲ. ಪಟವನ್ನು ಹರಡಿ, ಕನ್ನಡಕ ಏರಿಸಿಕೊಂಡು, “ಎಲ್ಲಿ ಹೊಲಿದಿದ್ದೆ, ತೋರ್ಸು” ಎನ್ನುತ್ತಿದ್ದರು. ಸೂಜಿ ಹೋದ ಕಡೆ ರಂಧ್ರ ಉಳಿಯಬೇಕು. ಎಳೆ ಎಳೆದ ಕಡೆ ಸುಕ್ಕು ಉಳಿಯಬೇಕು. ಭೂತಗನ್ನಡಿ ಹಿಡಿದು ನಾನು ಎಷ್ಟು ಸಲ ಹುಡುಕಿದ್ದೇನೋ. ಆ ಕೈಯಲ್ಲಿ ನಾನು ಹೊಲಿದ ಜಾಗವನ್ನು ಇವತ್ತಿಗೂ ತೋರಿಸಲು ನನ್ನಿಂದಾಗಿಲ್ಲ.